ನಿಷ್ಠೆ ಇರಲಿ, ಕಾಗದವೂ ಇರಲಿ

ಕಂಪನಿಯೇ ಮನೆ ಎಂದು ನಂಬಿ ದುಡಿಯುವ ಕಾಲ ಬೆಂಗಳೂರಿನಲ್ಲಿ ನಿಜಕ್ಕೂ ಇತ್ತು. 1953ರಲ್ಲಿ ಶುರುವಾದ ಎಚ್‌ಎಂಟಿ ಕೆಲಸದ ಜೊತೆಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆಯನ್ನೂ ಕೊಟ್ಟಿತು. ಸೇರಿದವರು ಅಲ್ಲೇ ನಿವೃತ್ತರಾಗುವುದು ಸಹಜವಾಗಿತ್ತು. ಅದರ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿ ಕೈಕೊಟ್ಟದ್ದು ಮಾರುಕಟ್ಟೆ, ಕೆಲಸಗಾರರಲ್ಲ. ಇಂದಿನ ಐಟಿ ಕಂಪನಿಗಳಲ್ಲಂತೂ ಬೆಳಿಗ್ಗೆ ಒಂದು ಇಮೇಲ್ ಬಂದರೆ ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್ ಕೊಡಬೇಕಾದೀತು. ಆದ್ದರಿಂದ ‘ಮುಂದಿನ ವರ್ಷ ಪ್ರಮೋಷನ್ ಖಂಡಿತ’ ಎಂಬ ಬಾಯಿಮಾತು ನೆಚ್ಚಿ ಬಂದ ಅವಕಾಶ ಬಿಡಬೇಡಿ, ಬರಹದಲ್ಲಿ ಕೇಳಿ.

ಹಾಗೆಂದು ವರ್ಷಕ್ಕೊಂದು ಕಂಪನಿ ಬದಲಿಸುವುದೇ ಜಾಣತನವೆಂದುಕೊಂಡರೂ ತಪ್ಪೇ. ಏರಿದ ಸಂಬಳ ಕಣ್ಣಿಗೆ ಕಾಣುತ್ತದೆ, ಬಿಟ್ಟುಹೋದದ್ದು ಕಾಣುವುದಿಲ್ಲ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ 5 ವರ್ಷ, ಪಿಎಫ್ ಯೋಜನೆಯ ಪಿಂಚಣಿಗೆ 10 ವರ್ಷ ಸೇವೆ ಬೇಕು. ಕೆಲಸ ಬಿಟ್ಟಾಗಲೆಲ್ಲ ಪಿಂಚಣಿಯ ಪಾಲನ್ನೂ ಸೇರಿಸಿ ಹಣ ತೆಗೆದುಕೊಂಡರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ದಯವಿಟ್ಟು ಪಿಎಫ್ ಹಣವನ್ನು ತೆಗೆಯದೆ, ಹಳೆಯ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಅಡಿಯಲ್ಲೇ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ. ‘ಕಂಪನಿಗೇ ಇಲ್ಲದ ನಿಷ್ಠೆ ನಮಗೇಕೆ?’ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆಯೇ. ಆದರೆ ನೋಟಿಸ್ ಅವಧಿಯಲ್ಲಿ ಕೆಲಸವನ್ನು ಅರ್ಧಕ್ಕೆ ಬಿಟ್ಟು ನಡೆದರೆ ಹೊರೆ ಬೀಳುವುದು ಮಾಲೀಕರ ಮೇಲಲ್ಲ, ಪಕ್ಕದ ಕುರ್ಚಿಯವರ ಮೇಲೆ. ನಾಳೆ ಇನ್ನೊಂದು ಕಡೆ ನಿಮ್ಮ ಪರವಾಗಿ ಒಂದು ಮಾತು ಹೇಳಬೇಕಾದವರೂ ಅವರೇ. ಕೆಲಸವನ್ನು ಸರಿಯಾಗಿ ಒಪ್ಪಿಸಿ, ರಿಲೀವಿಂಗ್ ಲೆಟರ್ ಕೈಗೆ ಬಂದಮೇಲೆ ಹೊರಡಿ.