ಸೆರೆಯಿಂದ ಬೆನ್ನೇರಿ ಬಂದ ದೊರೆ

ಪ್ರಶ್ನೆ: ಸರಪಳಿಯಲ್ಲಿದ್ದ ವೇಲ್ಸ್ ದೊರೆಯೊಬ್ಬನನ್ನು ಯಾರೋ ಬೆನ್ನ ಮೇಲೆ ಹೊತ್ತೊಯ್ದು ಪಾರುಮಾಡಿದ ಕತೆ ಕೇಳಿದ್ದೇನೆ. ಅವನು ಯಾರು? ನಿಜಕ್ಕೂ ಅಷ್ಟು ದೊಡ್ಡ ವೀರನೇ?

ಉತ್ತರ: ಅವನು ಉತ್ತರ ವೇಲ್ಸ್‌ನ ಗ್ವಿನೆದ್ ರಾಜ್ಯದ ಗ್ರಿಫಿದ್ ಅಪ್ ಕನನ್. ವೀರನೇ ಹೌದು. ಆದರೆ ಕಾಳಗ ನಿಲ್ಲಿಸಿದ ಮೇಲಿನ ಬದುಕಿನಲ್ಲೇ ಅವನ ನಿಜವಾದ ದೊಡ್ಡಸ್ತಿಕೆ ಇದೆ ಎಂಬುದು ನನ್ನ ನಂಬಿಕೆ.

ಹುಟ್ಟಿದ್ದು ಸುಮಾರು 1055ರಲ್ಲಿ, ಡಬ್ಲಿನ್‌ನಲ್ಲಿ. ಗ್ವಿನೆದ್ ಆಳುತ್ತಿದ್ದ ಅಜ್ಜ ಇಯಾಗೊ 1039ರಲ್ಲಿ ಕೊಲೆಯಾಗಿದ್ದ; ತಂದೆ ಐರ್ಲೆಂಡ್ ಸೇರಿದ್ದ. ತಾಯಿ ರಾಗ್ನಿಲ್ಡ್ ಡಬ್ಲಿನ್‌ನ ನಾರ್ಸ್ ರಾಜಮನೆತನದವಳು. ಹಾಗಾಗಿ ಸೋತಾಗಲೆಲ್ಲ ಕಡಲು ದಾಟಿ ಓಡಲು, ಹಡಗು ತುಂಬ ಸೈನಿಕರೊಡನೆ ಮರಳಲು ಅವನಿಗೆ ದಾರಿಯಿತ್ತು. 1075ರಲ್ಲಿ ಬಂದು ಗೆದ್ದ. ಅದೇ ವರ್ಷ ಲ್ಲೀನ್ ಸೀಮೆಯ ಜನ ತಿರುಗಿಬಿದ್ದು ಅವನ ಪರಿವಾರದವರನ್ನು ಕೊಂದರು, ಗೆದ್ದದ್ದೆಲ್ಲ ಕೈಬಿಟ್ಟಿತು. 1081ರಲ್ಲಿ ದಕ್ಷಿಣದ ರೀಸ್ ಅಪ್ ಟ್ಯೂಡರ್ ಜೊತೆಗೂಡಿ ಮನಿದ್ ಕಾರ್ನ್ ಕಾಳಗದಲ್ಲಿ ಎದುರಾಳಿ ಟ್ರಹಯರ್ನ್‌ನನ್ನು ಮುಗಿಸಿದ. ಸಿಂಹಾಸನ ಸಿಕ್ಕಿತೆನ್ನುವಷ್ಟರಲ್ಲಿ ತನ್ನವನೊಬ್ಬನ ದ್ರೋಹದಿಂದ ನಾರ್ಮನ್ನರ ಕೈಗೆ ಬಿದ್ದು, ಚೆಸ್ಟರ್‌ನ ಅರ್ಲ್ ಹ್ಯೂನ ಸೆರೆಯಲ್ಲಿ ವರ್ಷಗಟ್ಟಲೆ ಕೊಳೆತ. ಅಷ್ಟರಲ್ಲಿ ಗ್ವಿನೆದ್ ತುಂಬ ನಾರ್ಮನ್ ಕೋಟೆಗಳೆದ್ದವು.

ನೀವು ಕೇಳಿದ ಕತೆ ನಡೆಯುವುದು ಇಲ್ಲಿ. ಕನ್‌ವ್ರಿಗ್ ಹೀರ್ ಎಂಬ ತರುಣ ಸಾಮಾನು ಕೊಳ್ಳಲು ಚೆಸ್ಟರ್‌ಗೆ ಬಂದ. ಬೇಡಿಯಲ್ಲಿದ್ದ ದೊರೆಯನ್ನು ಕಂಡ. ಊರಿನವರು ಊಟದಲ್ಲಿ ಮುಳುಗಿದ್ದಾಗ ಬೆನ್ನ ಮೇಲೆ ಹೊತ್ತು ನಡೆದೇಬಿಟ್ಟ. ಇದನ್ನು ಹೇಳುವುದು ಗ್ರಿಫಿದ್ ತೀರಿಕೊಂಡ ಮೇಲೆ ಬರೆಯಲಾದ ಅವನ ಲ್ಯಾಟಿನ್ ಜೀವನಚರಿತ್ರೆ. ವೇಲ್ಸ್‌ನ ಮಧ್ಯಯುಗದ ದೊರೆಗಳಲ್ಲಿ ಇಂಥ ಚರಿತ್ರೆ ಉಳಿದು ಬಂದಿರುವುದು ಇವನೊಬ್ಬನದೇ. ಮಗ ಓವೈನ್‌ನ ವಂಶದ ಹಿರಿಮೆ ಸಾರಲು ಹುಟ್ಟಿದ ಕೃತಿ ಅದು. ಕತೆಯನ್ನು ಆ ಎಚ್ಚರದಿಂದಲೇ ಓದಬೇಕು.

1098ರಲ್ಲಿ ಇಬ್ಬರು ನಾರ್ಮನ್ ಅರ್ಲ್‌ಗಳು ಆಂಗ್ಲ್‌ಸೀ ದ್ವೀಪಕ್ಕೆ ನುಗ್ಗಿದಾಗ ಗ್ರಿಫಿದ್ ಮತ್ತೆ ಐರ್ಲೆಂಡ್‌ಗೆ ಓಡಿದ. ಅದೇ ಹೊತ್ತಿಗೆ ನಾರ್ವೆಯ ದೊರೆ ಮ್ಯಾಗ್ನಸ್‌ನ ಹಡಗುಗಳು ಅಲ್ಲಿ ಕಾಣಿಸಿಕೊಂಡವು. ಆ ಅರ್ಲ್‌ಗಳಲ್ಲೊಬ್ಬನಾದ ಶ್ರೂಸ್‌ಬರಿಯ ಅರ್ಲ್ ಬಾಣ ತಗುಲಿ ಸತ್ತ. ಮರುವರ್ಷ ಗ್ರಿಫಿದ್ ಮರಳಿದಾಗ, ತನ್ನನ್ನು ಸೆರೆಯಲ್ಲಿಟ್ಟಿದ್ದ ಹ್ಯೂನೊಡನೆಯೇ ಒಪ್ಪಂದ ಮಾಡಿಕೊಂಡು ಆಂಗ್ಲ್‌ಸೀಯಲ್ಲಿ ನೆಲೆಯಾದ. ಅಲ್ಲಿಂದ ಮುಂದೆ ಕತ್ತಿಗಿಂತ ಹೆಚ್ಚಾಗಿ ತಾಳ್ಮೆಯಿಂದ ರಾಜ್ಯ ಬೆಳೆಸಿದ. 1114ರಲ್ಲಿ ಇಂಗ್ಲೆಂಡ್‌ನ ಮೊದಲನೆಯ ಹೆನ್ರಿ ದಂಡೆತ್ತಿ ಬಂದಾಗ ಭಾರಿ ಕಪ್ಪ ಕೊಟ್ಟು ಶರಣಾದ. ಹೆನ್ರಿ ಬರಿಗೈಲಿ ಮರಳಿದನೆಂಬಂತೆ ಬರೆಯುವ ಜೀವನಚರಿತ್ರೆ ಇದನ್ನು ಹೇಳುವುದಿಲ್ಲ. ಹೇಳುವುದು ಬ್ರಿತ್ ಅ ತವಸೋಗ್ಯೋನ್ ಎಂಬ ವೆಲ್ಷ್ ವೃತ್ತಾಂತ.

ಅದಕ್ಕಿಂತ ನೋವಿನ ಮಾತೊಂದನ್ನೂ ಆ ವೃತ್ತಾಂತ ದಾಖಲಿಸಿದೆ. ಹಳೆಯ ಗೆಳೆಯ ರೀಸ್‌ನ ಮಗ ಗ್ರಿಫಿದ್ ಅಪ್ ರೀಸ್ ಆಸರೆ ಬೇಡಿ ಬಂದಾಗ, ಅವನನ್ನು ಹೆನ್ರಿಗೆ ಒಪ್ಪಿಸಲು ನಮ್ಮ ದೊರೆ ಮಾತು ಕೊಟ್ಟ. ಆ ತರುಣ ಅಬರ್‌ದಾರೊನ್‌ನ ಚರ್ಚಿಗೆ ಓಡಿದ. ಎಳೆದು ತರಲು ಬಂದ ಸೈನಿಕರನ್ನು ಪಾದ್ರಿಗಳು ತಡೆದರು. ಇದೇ ತರುಣನನ್ನು ವರಿಸಿದವಳು ದೊರೆಯ ಮಗಳು ಗ್ವೆನ್‌ಲಿಯನ್. 1136ರಲ್ಲಿ ಕಿಡ್ವೆಲ್ಲಿಯ ಬಳಿ ಸೈನ್ಯ ನಡೆಸುತ್ತ ನಾರ್ಮನ್ನರಿಂದ ಹತಳಾದಳು. ಆ ದ್ರೋಹವನ್ನು ನಾನು ಸಮರ್ಥಿಸಲಾರೆ. ಆದರೆ ಹೆನ್ರಿಯನ್ನು ಎದುರು ಹಾಕಿಕೊಂಡಿದ್ದರೆ ಗ್ವಿನೆದ್ ಮತ್ತೆ ಕೋಟೆಗಳ ಪಾಲಾಗುತ್ತಿತ್ತು ಎಂದು ಅವನು ಲೆಕ್ಕ ಹಾಕಿದ್ದು ಸುಳ್ಳೆನಿಸುವುದಿಲ್ಲ.

ಆ ಶಾಂತಿಯ ವರ್ಷಗಳಲ್ಲಿ ತೋಟಗಳು ಬೆಳೆದವು, ಕಲ್ಲಿನ ಚರ್ಚುಗಳು ಎದ್ದವು, ಬ್ಯಾಂಗರ್‌ಗೆ ಬಿಷಪ್ ಬಂದ. ಮುಪ್ಪಿನಲ್ಲಿ ಕಣ್ಣು ಹೋದರೂ, ಮಕ್ಕಳಾದ ಓವೈನ್ ಮತ್ತು ಕಡ್ವಾಲಡರ್ ಗಡಿ ವಿಸ್ತರಿಸುವುದನ್ನು ಕೇಳುವಷ್ಟು ಕಾಲ ಬದುಕಿ, 1137ರಲ್ಲಿ ತೀರಿಕೊಂಡ. ಬ್ಯಾಂಗರ್ ಕೆಥೆಡ್ರಲ್‌ನಲ್ಲಿ ಅವನನ್ನು ಹೂಳಿದರು.

ಹೆಚ್ಚು ಓದುವ ಆಸೆಯಿದ್ದರೆ ಲ್ಯಾಟಿನ್ ಚರಿತ್ರೆಯನ್ನು ಪಾಲ್ ರಸೆಲ್ 2005ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ್ದಾರೆ. ಜೊತೆಗೆ ವೆಲ್ಷ್ ವೃತ್ತಾಂತವನ್ನೂ ಇಟ್ಟುಕೊಳ್ಳಿ; ಒಂದು ಮುಚ್ಚಿಟ್ಟದ್ದನ್ನು ಇನ್ನೊಂದು ಹೇಳುತ್ತದೆ.