ಕೇಳಿ, ಆಮೇಲೆ ಫೋಟೋ ತೆಗೆಯಿರಿ

ಕಾರವಾರ ದಾಟಿದರೆ ಗೋವಾ. ನಮ್ಮ ಜನ ಅಲ್ಲಿಗೆ ಕೆಲಸಕ್ಕೂ ಹೋಗ್ತಾರೆ, ಸಮುದ್ರ ನೋಡೋಕೂ ಹೋಗ್ತಾರೆ. ಕಲಂಗುಟ್, ಬಾಗಾ ಕಡಲ ದಂಡೆಗೆ ಪರದೇಶದವರೂ ಬರುತ್ತಾರೆ.

ಅಲ್ಲಿ ಪರದೇಶದ ಟೀಚರಮ್ಮ ಒಬ್ಬರು ಕೂತಿದ್ದಾರೆ ಅಂದುಕೊಳ್ಳಿ. ಅವರ ಊರಿನಲ್ಲಿ ಅವರನ್ನು ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಒಬ್ಬ ಬಂದು ಸೆಲ್ಫಿ ಕೇಳುತ್ತಾನೆ. ಟೀಚರಮ್ಮ ನಕ್ಕು ಒಪ್ಪುತ್ತಾರೆ. ಅವನ ಹಿಂದೆಯೇ ಹತ್ತು ಜನ ಬರುತ್ತಾರೆ. ಕೆಲವರು ಕೇಳದೆಯೇ ಫೋಟೋ ಹೊಡೆಯುತ್ತಾರೆ. ಟೀಚರಮ್ಮನಿಗೆ ಮೊದಲು ಖುಷಿ, ಆಮೇಲೆ ಬೇಸರ, ಕೊನೆಗೆ ಭಯ. ನಮಗೆ ಅದು ಒಂದೇ ಫೋಟೋ. ಅವರಿಗೆ ಆ ದಿನದ ಇಪ್ಪತ್ತನೆಯದು!

ಗೋವಾ ಪ್ರವಾಸೋದ್ಯಮ ಇಲಾಖೆ 2023ರ ಜನವರಿಯಲ್ಲಿ ಒಂದು ಸೂಚನೆ ಹೊರಡಿಸಿತು. ಒಪ್ಪಿಗೆ ಇಲ್ಲದೆ ಅಪರಿಚಿತರ ಫೋಟೋ, ಸೆಲ್ಫಿ ತೆಗೆಯಬೇಡಿ. ಅದರಲ್ಲೂ ಅವರು ಬಿಸಿಲಿಗೆ ಮಲಗಿದ್ದಾಗ, ಸಮುದ್ರದಲ್ಲಿ ಈಜುವಾಗ ತೆಗೆಯಬೇಡಿ ಎಂದು ಹೇಳಿತು.

ನಾವೇನು ಮಾಡಬೇಕು?

1. ಮೊದಲು ಕೇಳಿ. ಭಾಷೆ ಬಾರದಿದ್ದರೆ ಮೊಬೈಲ್ ತೋರಿಸಿ ಸನ್ನೆ ಮಾಡಿ.
2. ಬೇಡ ಅಂದ್ರೆ ಒತ್ತಾಯ ಬೇಡ.
3. ಸುತ್ತ ಗುಂಪು ಕಟ್ಟಬೇಡಿ.

ನಮ್ಮ ಅಕ್ಕತಂಗಿಯರ ಸುತ್ತ ಗುರುತಿಲ್ಲದವರು ಮೊಬೈಲ್ ಹಿಡಿದು ನಿಂತರೆ ನಮಗೆ ಹೇಗಾದೀತು? ನಿಮ್ಮ ಗುಂಪಿನಲ್ಲಿ ಮಾತಾಡಿ.