ಹಳೆ ಆಟ, ಹೊಸ ಕನ್ಸೋಲ್, ನಮ್ಮ ಅಕ್ಷರ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಸೆಕೆಂಡ್ ಇಯರ್‌ನವರು ನವಲಗುಂದ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅದು. ಬ್ಯಾಗಿನಲ್ಲಿ ಬಟ್ಟೆಗಿಂತ ಮೊದಲು ಇಟ್ಟಿದ್ದು ಒಂದು ಸೆಕೆಂಡ್ ಹ್ಯಾಂಡ್ ಪಿಎಸ್4. ಅದರಲ್ಲಿ ಇದ್ದದ್ದು ‘ಫೈನಲ್ ಫ್ಯಾಂಟಸಿ ಪಿಕ್ಸೆಲ್ ರೀಮಾಸ್ಟರ್’. 1987ರಲ್ಲಿ ಜಪಾನಿನಲ್ಲಿ ಬಂದ ರೋಲ್ ಪ್ಲೇಯಿಂಗ್ ಆಟ, ಅಂದರೆ ಆರ್‌ಪಿಜಿ. ಅದನ್ನೇ ಹೊಸದಾಗಿ ಕಟ್ಟಿ 2023ರ ಏಪ್ರಿಲ್‌ನಲ್ಲಿ ಪಿಎಸ್4 ಮತ್ತು ನಿಂಟೆಂಡೊ ಸ್ವಿಚ್‌ಗೆ ಬಿಟ್ಟರು. ನಮಗಿಂತ ಹದಿನೆಂಟು ಇಪ್ಪತ್ತು ವರ್ಷ ದೊಡ್ಡ ಆಟ!

ಟಿವಿ ಇದ್ದದ್ದು ಪಡಸಾಲೆಯಲ್ಲಿ. ಹಾಗಾಗಿ ಆಟ ನಮ್ಮದಾದರೂ ನೋಡುವವರು ಮನೆಮಂದಿಯೆಲ್ಲ. ಆರ್‌ಪಿಜಿಯಲ್ಲಿ ಹೊಡೆದಾಟಕ್ಕಿಂತ ಓದುವುದೇ ಜಾಸ್ತಿ. ಸ್ವಲ್ಪ ಹೊತ್ತು ನೋಡಿದ ಅಜ್ಜಿ ಕೇಳಿದರು: “ಏನ್ ಬರದೈತೋ ಅದರಾಗ? ನಮಗೂ ಸ್ವಲ್ಪ ಓದಿ ಹೇಳ್ರೋ.”

ನಾವು ಹೇಳತೊಡಗಿದ್ವಿ. ರಾಜಕುಮಾರಿಯನ್ನು ಒಬ್ಬ ಸೇನಾನಿ ಹೊತ್ತೊಯ್ದಿದ್ದಾನೆ, ನಾಲ್ವರು ಯೋಧರು ಬಿಡಿಸಿಕೊಂಡು ಬರಬೇಕು, ಬಂದರೆ ರಾಜ ನದಿಗೆ ಸೇತುವೆ ಕಟ್ಟಿಸಿ ದಾರಿ ಮಾಡಿಕೊಡುತ್ತಾನೆ. ಅಜ್ಜಿ ತಕ್ಷಣ, “ಅಲ್ಲೋ ತಮ್ಮಾ, ಮಗಳು ಸಿಕ್ಕ ಮ್ಯಾಲೆ ಸೇತುವಿ ಕಟ್ಟಸ್ತಾನಂದ್ರ ಅಲ್ಲೀಮಟ ಊರ ಮಂದಿ ಹೆಂಗ ದಾಟಿರಬೇಕು?” ಅಂದರು. ಬೆಣ್ಣಿಹಳ್ಳ ತುಂಬಿದಾಗ ದಾರಿ ಬಂದ್ ಆಗುವುದನ್ನು ನೋಡಿದವರ ಪ್ರಶ್ನೆ ಅದು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಗೆಳೆಯನ ತಂಗಿ ಏಳನೇ ಕ್ಲಾಸ್, ಊರಿನ ಕನ್ನಡ ಶಾಲೆ. ಎರಡೇ ದಿನದಲ್ಲಿ ಅವಳು ನಮಗಿಂತ ಚೆನ್ನಾಗಿ ಆಡುತ್ತಿದ್ದಳು. ಆದರೆ ಮೆನು ಓದುತ್ತಿರಲಿಲ್ಲ. “ಮ್ಯಾಲಿಂದ ಎರಡನೇದ್ ಒತ್ತಿದ್ರ ಗಾಯ ವಾಸಿ ಆಗತೈತಿ” ಅಂತ ಜಾಗ ನೆನಪಿಟ್ಟುಕೊಂಡಿದ್ದಳು, ಅಷ್ಟೇ. ಕತೆ ಅವಳಿಗೆ ಮುಟ್ಟುತ್ತಿದ್ದದ್ದು ನಾವು ಹೇಳಿದಷ್ಟು ಮಾತ್ರ. ಈ ಲೇಖನ ಹುಟ್ಟಿದ್ದು ಅಲ್ಲಿಂದ. ಹಳೆ ಆಟವನ್ನು ಹೊಸ ಯಂತ್ರಕ್ಕೆ ತರುವಾಗ ಏನೆಲ್ಲಾ ಬದಲಾಗುತ್ತೆ? ಅದರೊಳಗೆ ಕನ್ನಡ ಬರೋಕೆ ನಿಜವಾದ ಅಡ್ಡಿ ಯಾವುದು?

ಮರುಬಿಡುಗಡೆಯ ನಾಲ್ಕು ಬಗೆ

1. ಎಮ್ಯುಲೇಶನ್: ಹಳೆ ಯಂತ್ರದ ಪ್ರೊಸೆಸರ್ ಮಾಡುತ್ತಿದ್ದ ಕೆಲಸವನ್ನು ಹೊಸ ಯಂತ್ರದಲ್ಲಿ ಒಂದು ಸಾಫ್ಟ್‌ವೇರ್ ನಟಿಸುತ್ತೆ. ಆಟದ ಕೋಡ್ ಒಂದು ಬಿಟ್ ಕೂಡ ಬದಲಾಗಬೇಕಿಲ್ಲ. ಸ್ವಿಚ್‌ನ ಆನ್‌ಲೈನ್ ಸೇವೆಯಲ್ಲಿ ಸಿಗುವ ಹಳೆ ಆಟಗಳು ಈ ಬಗೆಯವು.

2. ಪೋರ್ಟ್: ಅದೇ ಆಟದ ಕೋಡನ್ನು ಹೊಸ ಯಂತ್ರಕ್ಕೆ ಹೊಂದಿಸಿ ಮತ್ತೆ ಕಂಪೈಲ್ ಮಾಡುವುದು. 1997ರ ‘ಫೈನಲ್ ಫ್ಯಾಂಟಸಿ 7’ 2015ರಲ್ಲಿ ಪಿಎಸ್4ಗೆ ಬಂದದ್ದು ಹೀಗೆ.

3. ರೀಮಾಸ್ಟರ್: ಕತೆ, ನಿಯಮ ಹಳೆಯವೇ, ಚಿತ್ರ, ಸಂಗೀತ, ಮೆನು ಹೊಸವು. ನಾವು ಆಡಿದ ಪಿಕ್ಸೆಲ್ ರೀಮಾಸ್ಟರ್ ಹೆಸರಿಗೆ ಇದೇ ಗುಂಪು. ಆದರೆ ಒಳಗಿನ ಕೋಡ್ ಯೂನಿಟಿ ಎಂಜಿನ್‌ನಲ್ಲಿ ಹೊಸದಾಗಿ ಕಟ್ಟಿದ್ದು.

4. ರೀಮೇಕ್: ಕತೆಯ ಎಳೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ಮತ್ತೆ ಮಾಡುವುದು. 2020ರ ‘ಫೈನಲ್ ಫ್ಯಾಂಟಸಿ 7 ರೀಮೇಕ್’ನಲ್ಲಿ ಯುದ್ಧದ ರೀತಿ ಬದಲಾಯಿತು, ಕತೆಯೇ ಅಲ್ಲಲ್ಲಿ ಬೇರೆ ದಾರಿ ಹಿಡಿಯಿತು.

ಎಂಜಿನಿಯರ್‌ಗಳಿಗೆ ಇಲ್ಲೊಂದು ಎಚ್ಚರಿಕೆ. 2002ರ ‘ಕಿಂಗ್‌ಡಮ್ ಹಾರ್ಟ್ಸ್’ ಆಟವನ್ನು 2013ರಲ್ಲಿ ಪಿಎಸ್3ಗೆ ತರುವಾಗ ಮೂಲದ ಡೇಟಾ ಕಳೆದುಹೋಗಿತ್ತು. ಬಹಳಷ್ಟನ್ನು ಮತ್ತೆ ಮಾಡಬೇಕಾಯ್ತು. ಮಿನಿ ಪ್ರಾಜೆಕ್ಟನ್ನು ಒಂದೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡವರು ಇದನ್ನು ಎರಡು ಸಲ ಓದಿ.

ರೀಮೇಕ್ ನಮ್ಮ ಕಡೆ ಹೊಸದಲ್ಲ

ನವಲಗುಂದದಿಂದ ಅಣ್ಣಿಗೇರಿ ದೂರವಲ್ಲ. ಪಂಪನ ತಾಯಿಯ ಮನೆತನದ ಊರು ಅದು. ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು ಕ್ರಿ.ಶ. 941ರಲ್ಲಿ. ಅತ್ತ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡ ಕುಮಾರವ್ಯಾಸನ ಊರು. 15ನೇ ಶತಮಾನದಲ್ಲಿ ಅವನು ಅದೇ ಮಹಾಭಾರತವನ್ನು ಮತ್ತೆ ಕನ್ನಡಕ್ಕೆ ತಂದ. ಎರಡೂ ಪೋರ್ಟ್ ಅಲ್ಲ. ಪಂಪನಲ್ಲಿ ಅರ್ಜುನ ನಾಯಕ, ಅವನೊಳಗೆ ಆಶ್ರಯ ಕೊಟ್ಟ ಅರಿಕೇಸರಿಯೂ ಕಾಣುತ್ತಾನೆ. ದ್ರೌಪದಿ ಅರ್ಜುನನಿಗೆ ಮಾತ್ರ ಹೆಂಡತಿ. ಕುಮಾರವ್ಯಾಸನಲ್ಲಿ ಎಲ್ಲದರ ನಡುವೆ ಕೃಷ್ಣ ನಿಂತಿದ್ದಾನೆ. ಪಂಪನದು ಪದ್ಯ ಗದ್ಯ ಕೂಡಿದ ಚಂಪೂ. ಕುಮಾರವ್ಯಾಸ ಹಿಡಿದದ್ದು ಭಾಮಿನಿ ಷಟ್ಪದಿ. ಹಾಡಿ ಹೇಳೋಕೆ ಅನುಕೂಲ, ಓದು ಬರದವರಿಗೂ ಕಿವಿಯಿಂದ ಮುಟ್ಟುತ್ತೆ.

ಅಂದರೆ ಕತೆ ಹೊಸ ಕಾಲಕ್ಕೆ ಬರುವಾಗ ಕೇಳಬೇಕಾದ ಪ್ರಶ್ನೆ ‘ಚಿತ್ರ ಎಷ್ಟು ಚೆನ್ನಾಗಿದೆ’ ಅನ್ನುವುದೊಂದೇ ಅಲ್ಲ. ‘ಯಾರಿಗೆ ಮುಟ್ಟುತ್ತೆ’ ಅನ್ನುವುದು ದೊಡ್ಡ ಪ್ರಶ್ನೆ. ಪಿಕ್ಸೆಲ್ ರೀಮಾಸ್ಟರ್ ಮಾಡಿದವರಿಗೂ ಇದು ಗೊತ್ತಿದೆ. ಮೊದಲು ಪಿಸಿ, ಮೊಬೈಲ್‌ಗೆ ಬಂದಾಗ ಆಟಗಾರರು ತುಂಬಾ ಬೈದದ್ದು ಅಕ್ಷರಗಳ ಫಾಂಟನ್ನು. ಕನ್ಸೋಲ್ ಆವೃತ್ತಿಯಲ್ಲಿ ಫಾಂಟ್ ಬದಲಿಸುವ ಆಯ್ಕೆ ಕೊಟ್ಟರು. ದಾರಿಯಲ್ಲಿ ಎದುರಾಗುವ ರಾಕ್ಷಸರನ್ನು ಆಫ್ ಮಾಡುವ ಆಯ್ಕೆಯೂ ಬಂತು. “ಎಷ್ಟ್ ಬಡದಾಡ್ತೀರೋ, ಕತಿ ಮುಂದ ಹೇಳ್ರಿ” ಅಂತ ಅಜ್ಜಿ ಅಂದಾಗ ನಾವು ಅದನ್ನೇ ಒತ್ತಿದ್ವಿ.

1986ರ ಆಟದ ಯಂತ್ರದಲ್ಲಿ ಕನ್ನಡ ಯಾಕೆ ಕಷ್ಟ?

ಈಗ ಲೆಕ್ಕಕ್ಕೆ ಬರೋಣ. ಜಪಾನಿನ ಮನೆಮನೆಗೆ ಆರ್‌ಪಿಜಿ ತಂದದ್ದು 1986ರ ‘ಡ್ರ್ಯಾಗನ್ ಕ್ವೆಸ್ಟ್’. ಇಡೀ ಆಟ 64 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತೆ. ಜಾಗ ಸಾಲದೆ ಕಟಕಾನ ಲಿಪಿಯ ಎಲ್ಲಾ ಅಕ್ಷರಗಳನ್ನೂ ಅದರೊಳಗೆ ಇಡಲಿಲ್ಲ, ಬೇಕಾದ ಕೆಲವನ್ನಷ್ಟೇ ಇಟ್ಟು ಆ ಅಕ್ಷರಗಳಲ್ಲೇ ಹೆಸರುಗಳನ್ನು ಕಟ್ಟಿದರು.

ಆ ಯಂತ್ರದಲ್ಲಿ ಪರದೆ ಅಂದರೆ 8×8 ಪಿಕ್ಸೆಲ್‌ನ ಚೌಕಗಳ ಜೋಡಣೆ. ಒಂದು ಕೋಷ್ಟಕದಲ್ಲಿ 256 ಚೌಕ ಹಿಡಿಸುತ್ತೆ. ಅದರಲ್ಲೇ ಗಿಡ, ಗೋಡೆ, ನೀರು, ಅಕ್ಷರ ಎಲ್ಲಾ. ಇಂಗ್ಲಿಷ್‌ಗೆ ದೊಡ್ಡ, ಸಣ್ಣ ಅಕ್ಷರ ಸೇರಿ 52 ಸಾಕು. ಕನ್ನಡಕ್ಕೆ? 34 ವ್ಯಂಜನ, ಪ್ರತಿಯೊಂದಕ್ಕೂ ಅನುಸ್ವಾರ ವಿಸರ್ಗ ಬಿಟ್ಟು 13 ಕಾಗುಣಿತ ರೂಪ. 34×13 = 442. ಒತ್ತಕ್ಷರ ಲೆಕ್ಕಕ್ಕೆ ಹಿಡಿಯುವ ಮೊದಲೇ ಕೋಷ್ಟಕ ತುಂಬಿ ಹರಿಯಿತು. ತಲೆಕಟ್ಟು, ಕೊಂಬು, ಒತ್ತು ಬಿಡಿಬಿಡಿಯಾಗಿ ಇಟ್ಟು ಜೋಡಿಸಬಹುದು ನಿಜ. ಆದರೆ 8 ಪಿಕ್ಸೆಲ್ ಎತ್ತರದಲ್ಲಿ ಮೇಲೊಂದು ಗುಡಿಸು, ಕೆಳಗೊಂದು ಒತ್ತು ಹಿಡಿಸಲು ಹೋದರೆ ಉಳಿಯುವುದು ಇರುವೆ ಸಾಲು.

ಆಗ ಅದು ನಿಜವಾದ ಅಡ್ಡಿ. ಈಗ? ಆ ಯಂತ್ರದ ಮುಖ್ಯ ರ‍್ಯಾಮ್ 2 ಕಿಲೋಬೈಟ್, ಪಿಎಸ್4ರದು 8 ಗಿಗಾಬೈಟ್. ಸುಮಾರು 40 ಲಕ್ಷ ಪಟ್ಟು. ಪಿಕ್ಸೆಲ್ ರೀಮಾಸ್ಟರ್‌ನ ಭಾಷೆಗಳ ಪಟ್ಟಿಯಲ್ಲಿ ಥಾಯ್ ಇದೆ; ಅದಕ್ಕೂ ನಮ್ಮ ಹಾಗೆ ಮೇಲೆ ಕೆಳಗೆ ಗುರುತುಗಳು ಬರುತ್ತವೆ. ಹಾಗಾಗಿ ‘ಲಿಪಿ ಕಷ್ಟ’ ಅನ್ನುವ ಕಾರಣ ಇವತ್ತು ನಿಲ್ಲಲ್ಲ.

ನಾವು ಮಾಡಿ ನೋಡಿದ್ದು

ಬಾಯಲ್ಲಿ ಹೇಳಿದರೆ ಆಗಲ್ಲ ಅಂತ ‘ಗೊಡಾಟ್ 4’ ಎಂಜಿನ್‌ನಲ್ಲಿ ನಮ್ಮದೇ ಒಂದು ಚಿಕ್ಕ ದೃಶ್ಯ ಕಟ್ಟಿದ್ವಿ. ಒಂದು ಊರು, ಒಂದು ಹಳ್ಳ, ಒಬ್ಬ ರಾಜ, ಒಬ್ಬ ಕುರಿ ಕಾಯುವವ, ಹನ್ನೆರಡು ಮಾತು. ಈ ಎಂಜಿನ್ ಉಚಿತ, ಒಳಗೆ ‘ಹಾರ್ಫ್‌ಬಜ್’ ಅನ್ನುವ ಲೈಬ್ರರಿ ಇದೆ. ಅಕ್ಷರಗಳನ್ನು ಸರಿಯಾದ ರೂಪಕ್ಕೆ ಜೋಡಿಸುವುದು ಅದರ ಕೆಲಸ. ಇದಕ್ಕೆ ಶೇಪಿಂಗ್ ಅನ್ನುತ್ತಾರೆ.

ಮೊದಲ ತಪ್ಪು ನಮ್ಮದೇ. ಆರ್‌ಪಿಜಿಗಳಲ್ಲಿ ಮಾತು ಒಂದೊಂದೇ ಅಕ್ಷರವಾಗಿ ಮೂಡುತ್ತಲ್ಲ, ಹಾಗೆ ಮಾಡಿದ್ವಿ. ‘ಮಂತ್ರಿ’ ಮೂಡಿದ್ದು ಹೀಗೆ: ಮ, ಮಂ, ಮಂತ, ಮಂತ್, ಮಂತ್ರ, ಮಂತ್ರಿ. “ಅಕ್ಷರ ಕುಣ್ಯಾಕತ್ತಾವು” ಅಂತ ತಂಗಿ ನಕ್ಕಳು. ಕಾರಣ ಇಷ್ಟೇ: ಯೂನಿಕೋಡ್‌ನಲ್ಲಿ ‘ಮಂತ್ರಿ’ ಆರು ಸಂಕೇತ (ಮ, ಸೊನ್ನೆ, ತ, ಅರ್ಧಾಕ್ಷರದ ಗುರುತು, ರ, ಗುಡಿಸು). ಯುಟಿಎಫ್-8ರಲ್ಲಿ ತಲಾ ಮೂರರಂತೆ 18 ಬೈಟ್. ಆದರೆ ಓದುವವರಿಗೆ ಅದು ಎರಡೇ ಅಕ್ಷರ. ನಾವು ಸಂಕೇತ ಎಣಿಸಿ ತೋರಿಸುತ್ತಿದ್ವಿ. ಶೇಪಿಂಗ್ ಆದ ಮೇಲೆ ತೋರಿಸು ಅಂತ ಒಂದು ಸೆಟ್ಟಿಂಗ್ ಬದಲಿಸಿದ್ವಿ, ಕುಣಿತ ನಿಂತಿತು.

ಎರಡನೇ ತಪ್ಪು ಹೆಸರಿನದು. 1994ರ ‘ಫೈನಲ್ ಫ್ಯಾಂಟಸಿ 6’ರಲ್ಲಿ ಪಾತ್ರದ ಹೆಸರಿಗೆ ಆರೇ ಅಕ್ಷರದ ಜಾಗ. ನಾವೂ ಆರು ಅಂತ ಮಿತಿ ಹಾಕಿದ್ವಿ. ತಂಗಿ ತನ್ನ ಯೋಧೆಗೆ ‘ಚೆನ್ನಮ್ಮ’ ಅಂತ ಇಡಲು ಹೋದಳು, ಹಿಡಿಸಲಿಲ್ಲ! ಕಣ್ಣಿಗೆ ಮೂರು ಅಕ್ಷರ, ಸಂಕೇತ ಎಂಟು. ಎಣಿಸುವ ಅಳತೆಯೇ ತಪ್ಪಿದ್ದರೆ ಕಿತ್ತೂರು ಚೆನ್ನಮ್ಮನ ಹೆಸರೂ ಆಟದೊಳಗೆ ಬರಲ್ಲ.

ಉಳಿದ ಅಡ್ಡಿ: ಪದ

ಕೋಡ್ ಎರಡು ದಿನದಲ್ಲಿ ಸರಿಹೋಯ್ತು. ಹನ್ನೆರಡು ಮಾತು ಬರೆಯೋಕೆ ಐದು ದಿನ ಹಿಡಿಯಿತು. ನಾವೆಲ್ಲ ಇಂಗ್ಲಿಷ್ ಮೀಡಿಯಂ. ಯೋಧರು ರಾತ್ರಿ ಉಳಿಯುವ ಮನೆಗೆ ನಾವು ‘ವಸತಿಗೃಹ’ ಅಂತ ಬರೆದರೆ ಅಜ್ಜಿ “ಧರ್ಮಶಾಲಿ ಅನ್ನಬಾರದಾ?” ಅಂದರು. ಗಾಯ ವಾಸಿ ಮಾಡುವ ಶೀಶೆಗೆ ‘ಔಷಧ’ ಬರೆದಿದ್ವಿ, ಅದು ‘ಕಷಾಯ’ ಆಯ್ತು. ‘ಅನ್ವೇಷಣೆ’ ಅಂದರೇನು ಅಂತ ತಂಗಿ ಕೇಳಿದಳು. “ಹುಡುಕೋದು” ಅಂದ್ವಿ. “ಮತ್ತ ಹಂಗ ಬರೀರಿ” ಅಂದಳು. ‘ಲೆವೆಲ್’ ಲೆವೆಲ್ ಆಗಿಯೇ ಉಳಿಯಿತು, ಯಾರಿಗೂ ತೊಂದರೆ ಆಗಲಿಲ್ಲ.

1989ರಲ್ಲಿ ಅಮೆರಿಕಕ್ಕೆ ಹೋದ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಮಾತುಗಳನ್ನು ಹಳೆ ಕಾಲದ ಇಂಗ್ಲಿಷ್‌ನಲ್ಲಿ ಬರೆದಿದ್ದರು, ರಾಜರ ಕಾಲ ಅನ್ನಿಸಲಿ ಅಂತ. ನಾವೂ ರಾಜನಿಗೆ ಹಳಗನ್ನಡ ಕೊಡೋಣ ಅಂದ್ಕೊಂಡ್ವಿ. ಒಂದು ಸಾಲೂ ಬರಲಿಲ್ಲ. ಪಂಪನ ಊರಿನ ಪಕ್ಕದಲ್ಲೇ ಕೂತು ಹೀಗಾದದ್ದಕ್ಕೆ ನಾಚಿಕೆ ಆಯ್ತು. ಕೊನೆಗೆ ರಾಜನಿಗೆ ಪುಸ್ತಕದ ಕನ್ನಡ, ಕುರಿ ಕಾಯುವವನಿಗೆ ಊರ ಕನ್ನಡ. ಅಜ್ಜಿಯ ಸೇತುವೆ ಪ್ರಶ್ನೆಯನ್ನು ಕುರಿ ಕಾಯುವವನ ಬಾಯಿಗೇ ಹಾಕಿದ್ವಿ.

ಹೊರಡುವ ಹಿಂದಿನ ರಾತ್ರಿ ತಂಗಿ ಕಂಟ್ರೋಲರ್ ಹಿಡಿದು, ಹನ್ನೆರಡೂ ಮಾತನ್ನು ಅಜ್ಜಿಗೆ ಜೋರಾಗಿ ಓದಿ ಹೇಳಿದಳು. ನಾವು ಸುಮ್ಮನೆ ಹಿಂದೆ ಕೂತಿದ್ವಿ. ನಡುವೆ ನಮ್ಮ ಎರಡು ಕಾಗುಣಿತ ತಪ್ಪು ಹಿಡಿದಳು, ಅದೂ ಸರಿ ಮಾಡಿದ್ವಿ.

ನೀವೂ ಮಾಡಿ ನೋಡಿ

1. ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಅಕ್ಷರ ಎಷ್ಟು, ಯೂನಿಕೋಡ್ ಸಂಕೇತ ಎಷ್ಟು, ಬೈಟ್ ಎಷ್ಟು ಅಂತ ಎಣಿಸಿ. ಪೈಥಾನ್‌ನಲ್ಲಿ ಎರಡು ಸಾಲಿನ ಕೆಲಸ.

2. ನೀವು ಆಡಿರುವ ಯಾವುದಾದರೂ ಹಳೆ ಆಟದ ಮರುಬಿಡುಗಡೆ ತೆಗೆದುಕೊಂಡು, ಮೇಲಿನ ನಾಲ್ಕರಲ್ಲಿ ಅದು ಯಾವ ಬಗೆ, ಯಾಕೆ ಅಂತ ಐದು ಸಾಲು ಬರೆಯಿರಿ.

3. ಆ ಆಟದ ಮೆನುವಿನ ಹತ್ತು ಪದಗಳನ್ನು ಕನ್ನಡಕ್ಕೆ ತನ್ನಿ. ಬರೆದಾದ ಮೇಲೆ ಮನೆಯಲ್ಲಿ ಇಂಗ್ಲಿಷ್ ಬಾರದ ಒಬ್ಬರಿಗೆ ಓದಿ ಹೇಳಿ. ಅವರು “ಹಂಗಂದ್ರೇನು?” ಅಂತ ಕೇಳಿದ ಪದಗಳನ್ನು ಮತ್ತೆ ಬರೆಯಿರಿ.

ಮೂರನೆಯದರ ಉತ್ತರಗಳನ್ನು ಕನ್ನಡ ಸಂಘಕ್ಕೆ ಕಳಿಸಿ. ಎಲ್ಲವನ್ನೂ ಸೇರಿಸಿ ಒಂದು ಪದಪಟ್ಟಿ ಮಾಡೋಣ. ಮುಂದೆ ನಮ್ಮಲ್ಲೇ ಯಾರಾದರೂ ಆಟ ಕಟ್ಟಿದರೆ ಮೆನುವಿಗೆ ಪದ ಹುಡುಕುತ್ತಾ ಐದು ದಿನ ಕೂರುವುದು ಬೇಡ.